ಕೊನೆಯ ಪುಟದ ಸಾಯದ ಮನುಷ್ಯ

ಕಾಗದದ ಮೇಲೆ ಬರೆದ ಮನುಷ್ಯನ ಮೇಲೆ ಯಾರಾದರೂ ಸಿಟ್ಟು ಇಟ್ಟುಕೊಳ್ಳುತ್ತಾರೆಯೇ ಎಂದು ನಮ್ಮ ಯಜಮಾನರು ಕೇಳುತ್ತಿದ್ದರು. ನಾನು ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷವಾದರೂ ಇಳಿದಿಲ್ಲ. ದಿನಾ ಬೆಳಿಗ್ಗೆ ದೇವರ ಮುಂದೆ ಕೂತು, ಕಣ್ಣು ಕಾಣುತ್ತಿದೆ, ಕಾಲು ನಡೆಯುತ್ತಿದೆ, ಒಲೆಯ ಮೇಲೆ ಅನ್ನವಿದೆ ಎಂದು ಒಂದೊಂದನ್ನೇ ನೆನೆದು ಕೈ ಮುಗಿಯುವವಳು ನಾನು. ಮುಗಿದು ಏಳುವಾಗ ಆ ಬೋಳುತಲೆಯವನ ನೆನಪು ಬಂತೋ, ಬಾಯಿಗೆ ಬೈಗುಳವೇ ಬರುತ್ತದೆ. ದೇವರು ಕೇಳಿಸಿಕೊಂಡೂ ಸುಮ್ಮನಿದ್ದಾನೆ. ಅದು ಅವನ ದೊಡ್ಡತನ.

ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯಜಮಾನರಿಗೆ ರಾಮನಾಥಪುರದ ಹೊಗೆಸೊಪ್ಪಿನ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹರಾಜಿನ ತಿಂಗಳುಗಳಲ್ಲಿ ಅಲ್ಲೇ ಉಳಿದು ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ನಾನು, ನನ್ನ ಅತ್ತೆ, ಎಂಟು ವರ್ಷದ ದೊಡ್ಡ ಮಗಳು, ಎರಡು ತುಂಬಿದ ಚಿಕ್ಕವಳು. ಯಜಮಾನರು ಬಾಗಿಲಿಗೆ ಬರುವ ಮುಂಚೆಯೇ ಅವರ ಅಂಗಿಯ ಹೊಗೆಸೊಪ್ಪಿನ ಘಾಟು ಒಳಗೆ ಬರುತ್ತಿತ್ತು. ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ವಾರಪತ್ರಿಕೆ. ಮಂಡಿಯಲ್ಲಿ ನಾಲ್ಕಾರು ಜನ ಓದಿ ಬಿಟ್ಟದ್ದು. ನಮಗೆ ಅದೇ ಹೊಸದು.

ಅದರ ಕೊನೆಯ ಪುಟದಲ್ಲಿ ಚಿತ್ರಕತೆ. ಎಂಟು ಚೌಕ, ಕಪ್ಪು ಮತ್ತು ಕೆಂಪು, ಎರಡೇ ಬಣ್ಣ. ಅದರಲ್ಲಿ ಇವನು. ಬೋಳುತಲೆ, ಎರಡು ಕಣ್ಣಿಗೂ ಸೇರಿ ಒಂದೇ ಹುಬ್ಬು, ಕತ್ತಿನವರೆಗೆ ಗುಂಡಿ ಹಾಕಿದ ಉದ್ದ ಕೋಟು. ನೂರಾರು ವರ್ಷದ ಹಿಂದಿನ ರಾಜರ ಕಾಲದಿಂದ ಬದುಕಿರುವವನಂತೆ. ಬೆಟ್ಟದ ಅಡಿಯ ಗುಹೆಯಲ್ಲಿ ಕೂತು, ದೇಶದಲ್ಲಿ ಎಲ್ಲೆಲ್ಲಿ ಕಳ್ಳತನ ಆಗಬೇಕು, ಯಾವ ರೈಲು ಉರುಳಬೇಕು ಎಂದು ಹೇಳುವವನು. ಬೆರಳಿಗೂ ಮಣ್ಣು ಹತ್ತಿಸಿಕೊಳ್ಳುವುದಿಲ್ಲ. ಎಲ್ಲ ಬೇರೆಯವರ ಕೈಯಲ್ಲಿ. ನೂರು ವರ್ಷಕ್ಕೊಮ್ಮೆ ಒಂದು ಚಮಚ ಹಸಿರು ಕಷಾಯ ಕುಡಿದರೆ ಅವನಿಗೆ ಸಾವಿಲ್ಲ. ಆ ಕಷಾಯದ ಹಸಿರು ಬಣ್ಣವನ್ನು ನಾವೇ ಊಹಿಸಿಕೊಳ್ಳಬೇಕಿತ್ತು, ಪತ್ರಿಕೆಯಲ್ಲಿ ಅದು ಕೆಂಪಗೆ ಇರುತ್ತಿತ್ತು.

ಪೊಲೀಸಿನವನೊಬ್ಬ ಅವನ ಬೆನ್ನು ಹತ್ತಿದ್ದ. ಸೇತುವೆಯಿಂದ ಬೀಳಿಸಿದ, ಹಡಗಿನ ಜೊತೆ ಮುಳುಗಿಸಿದ, ಮದ್ದಿಟ್ಟು ಗುಹೆಯನ್ನೇ ಹಾರಿಸಿದ. ಪ್ರತಿ ಸಲವೂ "ಮುಗಿಯಿತು" ಎಂದು ಟೋಪಿ ತೆಗೆಯುತ್ತಿದ್ದ. ಎರಡು ವಾರ ಕಳೆದರೆ ಬೋಳುತಲೆ ಮತ್ತೆ ಹಾಜರು.

ಅತ್ತೆಗೆ ಅಕ್ಷರ ಬಾರದು. ದೊಡ್ಡವಳು ಅವರ ಪಕ್ಕದಲ್ಲಿ ಕಾಲು ಚಾಚಿ ಕೂತು ಒಂದೊಂದು ಚೌಕಕ್ಕೂ ಬೆರಳಿಟ್ಟು ಓದಿ ಹೇಳುತ್ತಿದ್ದಳು. ಚಿಕ್ಕವಳು ಅಜ್ಜಿಯ ಸೊಂಟ ಹಿಡಿದು ನಿಂತು, ಅರ್ಥವಾಗದಿದ್ದರೂ ಅಕ್ಕ ಕೂಗಿದಾಗಲೆಲ್ಲ ಕೂಗುತ್ತಿದ್ದಳು.

"ಅಜ್ಜಿ, ಈ ಸಲ ಸತ್ತ. ನೋಡು, ಹೊಗೆ."

"ಎಲ್ ಸಾಯ್ತಾನವ್ವ ಆ ಬೋಳ! ಮುಂದಿನ ಶನ್ವಾರ ಎದ್ದು ಕೂತ್ಕತಾನೆ. ಆ ಪೋಲೀಸ್ನೋನೊಬ್ಬ ದಂಡಪಿಂಡ. ಮೈ ಸಿಕ್ತಾ ಅಂತ ನೋಡ್ದೆ ಟೋಪಿ ತಗೀತಾನಲ್ಲ, ಅವನ್ ಮನೆ ಕಾಯೋಗ!"

ಅಡುಗೆಮನೆಯಿಂದ ಕೇಳುತ್ತಾ ನಾನೂ ನಗುತ್ತಿದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಆ ಶ್ರಾವಣದಲ್ಲಿ ಊರಿಗೆ ಗಂಟಲುಮಾರಿ ಬಂತು. ಚಿಕ್ಕವಳಿಗೆ ಜ್ವರ ಕಾಣಿಸಿದ ಕೂಡಲೇ ದೊಡ್ಡವಳಿಗೆ ಅಂಟದಿರಲಿ ಎಂದು ಚನ್ನರಾಯಪಟ್ಟಣದ ನನ್ನ ತವರಿಗೆ ಕಳಿಸಿದೆವು. ಅಂಟಲಿಲ್ಲ. ಅದಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ. ಚಿಕ್ಕವಳು ನಾಲ್ಕನೆಯ ದಿನ ಮಧ್ಯಾಹ್ನ ನನ್ನ ತೊಡೆಯ ಮೇಲೆ ಹೋದಳು. ಹೋದಳು ಎಂದೇ ಬರೆದೆ ನೋಡಿ. ಆಗಲೂ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಎಳೆಯ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ತಿಥಿಯಿಲ್ಲ, ಎಡೆಯಿಲ್ಲ, ನೆಂಟರನ್ನು ಕರೆದು ಅಳುವುದಿಲ್ಲ. ಗಂಡಸರಿಬ್ಬರು ಹೊಳೆಯ ದಂಡೆಗೆ ಎತ್ತಿಕೊಂಡು ಹೋಗಿ ಬಂದರು. "ಕಣ್ಣೀರ್ ಆಕ್ಬೇಡ ಕಣವ್ವ, ಕೂಸಿನ ದಾರಿಗೆ ಅಡ್ಡ ಬತ್ತದೆ" ಎಂದರು ಅತ್ತೆ. ನಾನು ಹಾಕಲಿಲ್ಲ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದರು, ಲಂಗಗಳನ್ನು ಯಾರಿಗೋ ಕೊಟ್ಟರು. ಚಿಕ್ಕ ಮಕ್ಕಳ ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿ ಎಂದು ತೆಗೆಸಿರಲಿಲ್ಲ. ಎಂಟು ದಿನದಲ್ಲಿ ಆ ಮನೆಯಲ್ಲಿ ಅಂಥದ್ದೊಂದು ಮಗು ಇತ್ತು ಎನ್ನುವುದಕ್ಕೆ ಗುರುತೇ ಉಳಿಯಲಿಲ್ಲ. ಹಿರಿಯರು ಮಾಡಿದ ಕಟ್ಟಳೆ, ನಮ್ಮ ಒಳ್ಳೆಯದಕ್ಕೇ ಮಾಡಿರಬಹುದು. ಆದರೆ ಮನೆಯಲ್ಲಿ ಎಂಟು ವರ್ಷದ ಅಕ್ಕ ಒಬ್ಬಳಿರುತ್ತಾಳೆ ಎಂದು ಆ ಹಿರಿಯರಲ್ಲಿ ಒಬ್ಬರಿಗೂ ತೋಚಲಿಲ್ಲವೇ?

ದೊಡ್ಡವಳು ಹದಿನೈದು ದಿನದ ಮೇಲೆ ವಾಪಸು ಬಂದಳು. ಚೀಲವನ್ನೂ ಕೆಳಗಿಡದೆ ತಂಗಿಯನ್ನು ಹುಡುಕಿದಳು.

"ದೇವ್ರ ಮನೇಗ್ ಓಗವ್ಳೆ ಕಣವ್ವ" ಎಂದರು ಅತ್ತೆ.

"ಯಾವಾಗ ಬರ್ತಾಳೆ?"

"ಬತ್ತಾಳೆ."

"ಅದೇ, ಯಾವಾಗ?"

"ಬತ್ತಾಳೆ ಅಂದ್ನಲ್ಲ, ಸುಮ್ಕಿರು ಮಗ."

ನಾನು ಒಳಗೆ ಮುದ್ದೆ ತಿರುವುತ್ತಿದ್ದೆ. ಕೋಲು ಬಿಟ್ಟು ಹೊರಗೆ ಬಂದು, ಇಲ್ಲ ಕಂದ, ಬರುವುದಿಲ್ಲ ಎಂದು ಹೇಳಬೇಕಿತ್ತು. ಮುದ್ದೆ ಗಂಟಾಗುತ್ತದೆ ಎಂದು ತಿರುವುತ್ತಲೇ ನಿಂತೆ.

ಮಗಳು ಮತ್ತೆ ಕೇಳಲಿಲ್ಲ. ಆದರೆ ತಟ್ಟೆಯಲ್ಲಿ ಏನು ಹಾಕಿದರೂ ಅರ್ಧ ತಿಂದು ಅರ್ಧ ಎತ್ತಿಡಲು ಶುರು ಮಾಡಿದಳು. ಬಂದ ಮೇಲೆ ಅವಳಿಗೆ ಬೇಕಲ್ಲ ಎಂದು. ರೊಟ್ಟಿಯೂ ಅರ್ಧ, ಕಡಲೆಕಾಯಿಯೂ ಅರ್ಧ. ಬೈದರೂ ಅಷ್ಟೇ, ಮುದ್ದು ಮಾಡಿದರೂ ಅಷ್ಟೇ. ಬಳೆ ಕೈಯಲ್ಲಿ ನಿಲ್ಲದ ಹಾಗೆ ಸೊರಗಿದಳು. ಹೀಗೇ ಬಿಟ್ಟರೆ ಇವಳೂ ಕೈ ತಪ್ಪುತ್ತಾಳೆ ಎಂಬ ಹೆದರಿಕೆ ನನಗೆ ಶುರುವಾಯಿತು. ಸ್ವಾಮಿ, ಇರುವುದು ಇದೊಂದು, ಇದನ್ನಾದರೂ ಬಿಡು ಎಂದು ಗುಡಿಗೆ ಹೋಗಿ ಕಂಬಕ್ಕೆ ಹಣೆ ಒತ್ತಿ ನಿಲ್ಲುತ್ತಿದ್ದೆ.

ಶನಿವಾರದ ಪತ್ರಿಕೆ ಮಾತ್ರ ನಿಂತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಅದರಲ್ಲಿ ಬೋಳುತಲೆಯವನನ್ನು ಗುಂಡು ಹೊಡೆದು ಹೂತಿದ್ದರು. ಮುಂದಿನ ವಾರದ ಕೊನೆಯ ಚೌಕದಲ್ಲಿ ಮಣ್ಣು ಬಿರಿದು ಒಂದು ಕೈ ಮೇಲೆ ಬಂದಿತ್ತು. ಐದು ಬೆರಳು, ಕಪ್ಪು ಮಸಿಯಲ್ಲಿ. ಮಗಳು ಆ ಪುಟವನ್ನು ಅಜ್ಜಿಗೆ ಓದಿ ಹೇಳಲಿಲ್ಲ. ಹರಿದು ಮಡಿಸಿ ಸ್ಲೇಟಿನ ಚೀಲದಲ್ಲಿ ಇಟ್ಟುಕೊಂಡಳು. ಒಲೆಗೆ ಹಾಕಲು ಹಳೆಯ ಕಾಗದ ಹುಡುಕುವಾಗ ಹರಿದ ಅಂಚು ನೋಡಿದೆ. ಮಕ್ಕಳು ಏನೋ ಕತ್ತರಿಸಿಕೊಳ್ಳುತ್ತವೆ ಎಂದು ಬಿಟ್ಟೆ.

ಕಾರ್ತಿಕದಲ್ಲಿ ಅವಳ ಹುಟ್ಟಿದ ದಿನ ಬಂತು. ನಮ್ಮಲ್ಲಿ ಆ ದಿನ ಮಣೆ ಹಾಕಿ, ರಂಗೋಲಿ ಬಿಟ್ಟು, ಮಗುವನ್ನು ಕೂರಿಸಿ ಎಣ್ಣೆ ಒತ್ತುತ್ತೇವೆ. ತಲೆಗೆ ಇಡುವ ಮುಂಚೆ ನೆಲದ ಮೇಲೆ ಏಳು ಬೊಟ್ಟು ಎಣ್ಣೆ ಇಡಬೇಕು. ಸಾವಿಲ್ಲದ ಏಳು ಮಂದಿ ಚಿರಂಜೀವಿಗಳಿಗೆ ಒಂದೊಂದು. ಆ ಬೊಟ್ಟಿನಿಂದ ಬೆರಳಿಗೆ ತೆಗೆದುಕೊಂಡು ಮಗುವಿನ ನೆತ್ತಿಗೆ ಮುಟ್ಟಿಸುವುದು, ಅವರ ಆಯಸ್ಸು ಮಗುವಿಗೆ ಬರಲಿ ಎಂದು. ಆ ಏಳು ಜನ ಯಾರು ಎಂದು ಮಗಳು ಹಿಂದೊಮ್ಮೆ ಕೇಳಿದ್ದಳು. ಎಲ್ಲರೂ ಒಳ್ಳೆಯವರಲ್ಲ, ಒಬ್ಬ ಮಲಗಿದ್ದ ಮಕ್ಕಳನ್ನು ಕೊಂದ ಪಾಪಿ, ಅವನಿಗೆ ಸಾವಿಲ್ಲದ್ದು ವರವಲ್ಲ ಶಾಪ ಎಂದು ನಾನೇ ಹೇಳಿಕೊಟ್ಟಿದ್ದೆ. ಅವಳ ಕಿವಿಗೆ ಶಾಪ ಬೀಳಲಿಲ್ಲ. ಪಾಪಿಗೂ ಎಣ್ಣೆ ಇಡುತ್ತಾರೆ ಎಂಬುದಷ್ಟೇ ಬಿತ್ತು.

ಆವತ್ತು ಅತ್ತೆ ಏಳು ಬೊಟ್ಟು ಇಟ್ಟರು. ಮಗಳು ಮಣೆಯಿಂದ ಬಗ್ಗಿ, ಬಟ್ಟಲಿಗೆ ಬೆರಳದ್ದಿ, ಪಕ್ಕದಲ್ಲಿ ಇನ್ನೊಂದು ಇಟ್ಟಳು.

"ಏಳೇ ಕಣವ್ವ, ಎಂಟ್ಯಾಕ್ ಇಟ್ಟೆ?"

"ಇದು ಕೋಟಿನವನಿಗೆ."

"ಯಾವ್ ಕೋಟ್ನೋನು?"

"ಪತ್ರಿಕೇಲಿ ಬರ್ತಾನಲ್ಲಜ್ಜಿ. ಅವನಿಗೂ ಸಾವಿಲ್ಲ. ಎಣ್ಣೆ ಇಟ್ರೆ ಒಂದು ಚಮಚ ಕಷಾಯ ಕೊಡ್ತಾನೆ. ಪಾಪುಗೆ."

ಮೂರು ತಿಂಗಳಿಂದ ಆ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದಿರಲಿಲ್ಲ. ನಾನು ಸೆರಗಿನ ತುದಿಯಿಂದ ಎಂಟನೆಯ ಬೊಟ್ಟನ್ನು ಉಜ್ಜಿ ಹಾಕಿದೆ. ಎಷ್ಟು ಜೋರಾಗಿ ಉಜ್ಜಿದೆನೆಂದರೆ ಪಕ್ಕದ ಎರಡು ಬೊಟ್ಟೂ ಅಳಿಸಿದವು. ಅತ್ತೆ ಕೆನ್ನೆ ಬಡಿದುಕೊಂಡು ಅವನ್ನು ಮತ್ತೆ ಇಟ್ಟರು.

ಅಂದು ಮಧ್ಯಾಹ್ನ ಒಬ್ಬಟ್ಟು ಮಾಡಿದ್ದೆ. ಅರ್ಧ ತಿಂದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಮಗಳೂ ಇಲ್ಲ, ಉಳಿದರ್ಧವೂ ಇಲ್ಲ. ಬಟ್ಟೆ ಒಗೆದು ಬರುತ್ತಿದ್ದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ನಿಮ್ ಮಗ ಒಳೇ ದಂಡೇಲಿ ಒಂದೇ ಕೂತೈತೆ ಕಣಮ್ಮ, ಆ ಗುಡ್ಡೆತಾವ" ಎಂದಳು.

ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಹೆಂಗಸರು ಹೋಗುವ ಜಾಗವಲ್ಲ. ನಮ್ಮ ಕೂಸನ್ನು ಇಟ್ಟ ಜಾಗ ನನಗೇ ಗೊತ್ತಿರಲಿಲ್ಲ, ಅವಳಿಗೆ ಶಾಲೆಯ ಮಕ್ಕಳು ತೋರಿಸಿದ್ದವು. ನರಿ ಕೆದಕದಿರಲೆಂದು ಮೇಲೆ ಕಲ್ಲು, ಜಾಲಿಮುಳ್ಳು ಹೇರಿರುತ್ತಾರೆ. ಮಗಳು ಒಬ್ಬಟ್ಟನ್ನು ಎಲೆಯ ಮೇಲಿಟ್ಟು, ಮುಳ್ಳುಗಳನ್ನು ಒಂದೊಂದೇ ಎಳೆದು ಬದಿಗೆ ಹಾಕುತ್ತಿದ್ದಳು. ಬೆರಳೆಲ್ಲ ರಕ್ತ.

"ಏನ್ ಮಾಡ್ತಿದೀಯೆ?"

"ಮುಳ್ಳು ತೆಗೀತಿದೀನಿ. ಕೈ ಹೊರಗೆ ಬರುವಾಗ ಚುಚ್ಚುತ್ತಲ್ಲಮ್ಮ."

ಹರಿದ ಪುಟದಲ್ಲಿ ಏನಿತ್ತೆಂದು ಆಗ ಹೊಳೆಯಿತು. ಹೊಡೆದೆ. ಬೆನ್ನ ಮೇಲೆ, ತೋಳ ಮೇಲೆ, ಎಲ್ಲಿ ಸಿಕ್ಕಿತೋ ಅಲ್ಲಿ. ಎಣ್ಣೆ ಒತ್ತಿಸಿಕೊಂಡ ಮೈ. ಅವಳು ಅಳಲಿಲ್ಲ. ಆಮೇಲೆ ನಾನೇ ಕೂತು ಆ ಮುಳ್ಳುಗಳನ್ನೆಲ್ಲ ಎತ್ತಿ ಮತ್ತೆ ಅಲ್ಲೇ ಹೇರಿದೆ. ಆ ಚಿತ್ರ ಬರೆದು ಹೆತ್ತವಳಿಗೆ ಇಂಥ ಕೆಲಸ ಕೊಟ್ಟವನು ಯಾವನೋ, ಅವನ ಮನೆ ಎಲ್ಲಿದೆಯೋ, ನೋಡಿಯೇ ಬರುತ್ತೇನೆ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಶನಿವಾರ ಯಜಮಾನರು ಬಂದಾಗ ಕೇಳಿದೆ. ಚಿತ್ರ ಬರೆಯುವವರು ಹಾಸನದಲ್ಲಿ ಡ್ರಾಯಿಂಗ್ ಮೇಷ್ಟ್ರಂತೆ. ಮಂಡಿಗೆ ಬರುವ ಯಾರಿಗೋ ಪರಿಚಯವಂತೆ.

"ಹೋಗಿ ಏನು ಮಾಡ್ತೀಯ?"

"ಸಾಯಿಸಿ ಅಂತೀನಿ."

"ಯಾರನ್ನ?"

"ಆ ಬೋಳನ್ನ."

ಅವರಿಗೆ ನಗು ಬಂತು. "ಅಲ್ವೇ, ಅದು ಕತೆ ಕಣೆ" ಎಂದರು. ಅದನ್ನು ಮನೆಗೆ ತಂದವರು ಯಾರು ಎಂದೆ. ನಗು ನಿಂತಿತು. ತಾವೂ ಬರುತ್ತೇನೆ ಎಂದರು, ಬೇಡವೆಂದೆ. ಅತ್ತೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. "ನೀವು ಬತ್ತಾಳೆ ಅನ್ನದೆ ಇದ್ದಿದ್ರೆ ಇಷ್ಟೆಲ್ಲ ಎಲ್ಲಿತ್ತು?" ಎಂದು ಅವರ ಮೇಲೂ ಹರಿಹಾಯ್ದೆ. ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರು ಮಾತನಾಡಿದ್ದು ಅದೇ ಮೊದಲು. ಸೋಮವಾರ ಬೆಳಿಗ್ಗೆ ಮಗಳ ಜಡೆಯನ್ನು ಅತ್ತೆ ತಾವೇ ಹೆಣೆದು ನಮ್ಮಿಬ್ಬರನ್ನೂ ಕಳಿಸಿದರು.

ಹಾಸನದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆವತ್ತು ಯಾವುದೋ ರಜೆ, ಮೇಷ್ಟ್ರು ಮನೆಯಲ್ಲೇ ಇದ್ದರು. ಜಗುಲಿಯ ಮೇಲೆ ಇಳಿಜಾರು ಹಲಗೆ, ಮಸಿ ದೌತಿ. ಸಣಕಲು ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್. ಇಷ್ಟು ಜನರನ್ನು ಕೊಲ್ಲಿಸಿ ಕುಣಿಸುವವನು ಇವನೇ ಎಂದು ನೋಡಿ ನನಗೆ ಇನ್ನೂ ರೇಗಿತು. ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಕುಡಿದೆ. ಬಿಸಿಲಲ್ಲಿ ಬಂದ ಮಗುವಿಗೂ ಕೊಟ್ಟಳು, ಅಷ್ಟು ಪುಣ್ಯ ಅವಳಿಗಿರಲಿ. ಆಮೇಲೆ ಎಲ್ಲವನ್ನೂ ಹೇಳಿದೆ. ಮುಳ್ಳಿನವರೆಗೂ ಹೇಳಿದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ನಾನೇನು ಮಾಡ್ಲಿ ತಾಯಿ? ಕತೆಯನ್ನೇ ಎರಡು ಸಲ ಮುಗಿಸಿದ್ದೆ. ಓದೋರು ಬಿಡಲಿಲ್ಲ, ಅವನೇ ಬೇಕು ಅಂತ ಕಾಗದ ಬರೀತಾರೆ. ಪತ್ರಿಕೆಯೋರು ಎಬ್ಬಿಸಿ ಅಂತಾರೆ. ಸಾವೇ ಇಲ್ಲ ಅಂತ ಮೊದಲೇ ಬರೆದುಬಿಟ್ಟಿದೀನಿ, ಈಗ ಹೇಗೆ ಸಾಯಿಸ್ಲಿ?"

"ನಮ್ಮೂರ ಸ್ವಾಮಿ ಎದುರಿಗೂ ಒಬ್ಬ ರಕ್ಕಸ ಹಾಗೇ ವರ ಇಟ್ಕೊಂಡು ಬಂದಿದ್ದ ಸಾ. ಹಗಲೂ ಸಾಯಬಾರದು, ರಾತ್ರೀನೂ ಸಾಯಬಾರದು, ಒಳಗೂ ಕೂಡದು, ಹೊರಗೂ ಕೂಡದು. ಸ್ವಾಮಿ ಸಂಜೆ ಹೊತ್ನಲ್ಲಿ ಹೊಸ್ತಿಲ ಮೇಲೆ ಕೂತು ಮುಗಿಸಲಿಲ್ವಾ? ನಿಮ್ಗೆ ಒಂದು ಹೊಸ್ತಿಲು ಸಿಗ್ಲಿಲ್ವೇ?"

"ಅಮ್ಮ, ಸ್ವಾಮಿಗೆ ಮುಂದಿನ ವಾರ ಎಂಟು ಚೌಕ ತುಂಬಿಸೋದಿರಲಿಲ್ಲ."

ಇಂಥ ಮಾತಿಗೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನಾನು ಎದ್ದು ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಬೀದಿಯವರು ಇಣುಕಿದರು. ನಿಮ್ಮ ಮಕ್ಕಳು ಯಾವುದಾದರೂ ಗುಡ್ಡೆಯ ಮುಂದೆ ಹೀಗೆ ಕೂತಿದ್ದರೆ ಗೊತ್ತಾಗುತ್ತಿತ್ತು ಎಂದೆ. ಹಾಗೆ ಅನ್ನಬಾರದಿತ್ತು. ಒಳಗಿದ್ದ ಹೆಂಡತಿ ಬಾಗಿಲಿಗೆ ಬಂದು ನಿಂತಳು.

ನನ್ನ ಕೂಗಾಟದ ನಡುವೆ ಮಗಳು ಹಲಗೆಯ ಹತ್ತಿರ ಹೋಗಿದ್ದಳು. ಅಲ್ಲಿ ಮುಂದಿನ ವಾರದ ಪುಟ ಅರ್ಧ ಆಗಿತ್ತು. ಬೋಳುತಲೆಯವನಿಗೆ ಹುಬ್ಬು ಇನ್ನೂ ಬಂದಿರಲಿಲ್ಲ. ಅವಳು ಚೀಲದಿಂದ ತನ್ನ ಹರುಕು ಪುಟ ತೆಗೆದು ಬಿಡಿಸಿದಳು.

"ಈ ಕೈ ಯಾರದು?"

ಮೇಷ್ಟ್ರು ನನ್ನನ್ನೊಮ್ಮೆ ನೋಡಿ, ತಮ್ಮ ಎಡಗೈಯನ್ನು ಹಲಗೆಯ ಮೇಲಿಟ್ಟು ಬೆರಳು ಅಗಲಿಸಿದರು. ಕಿರುಬೆರಳು ಹಳೆಯ ಯಾವುದೋ ಪೆಟ್ಟಿಗೆ ಸೊಟ್ಟಗಾಗಿತ್ತು. ಪತ್ರಿಕೆಯ ಕೈಯಲ್ಲೂ ಕಿರುಬೆರಳು ಸೊಟ್ಟ.

"ನಂದೇ ಮರಿ. ಬಲಗೈಲಿ ಬರೀತೀನಿ, ಎಡಗೈ ನೋಡ್ಕೊಂಡು. ಕೈ ಬರೆಯೋದು ಎಲ್ಲಕ್ಕಿಂತ ಕಷ್ಟ."

ಅವಳು ಆ ಬೆರಳನ್ನು ಮುಟ್ಟಿ ನೋಡಿದಳು. ಚಿತ್ರದ ಪಕ್ಕ ಇಟ್ಟು ನೋಡಿದಳು. "ಹಾಗಾದ್ರೆ ನಮ್ಮ ಪಾಪುನ ಬರೀರಿ" ಎಂದಳು.

"ಹೇಗಿದ್ಲು?"

"ದುಂಡಗೆ. ಮೂಗಲ್ಲಿ ಯಾವಾಗ್ಲೂ ಸುರೀತಿತ್ತು. ಕೂಗಿದ್ರೆ ಎರಡೂ ಕೈ ಹಿಂಗೆ ಹಿಂದಕ್ಕೆ ಹೋಗ್ತಿತ್ತು."

ಬೇಡ ಎನ್ನಲು ಹೊರಟವಳು ಹಲಗೆಯ ಹತ್ತಿರಕ್ಕೆ ಸರಿದೆ. ನನಗೂ ನೋಡಬೇಕಿತ್ತು. ಆ ಮುಖವನ್ನು ಇನ್ನೊಮ್ಮೆ ನೋಡಬೇಕಿತ್ತು. ಮೇಷ್ಟ್ರು ಬರೆದರು. ದೊಡ್ಡ ಕಣ್ಣು, ಗುಂಗುರು ಕೂದಲು.

"ಇದು ಕ್ಯಾಲೆಂಡರ್ ಪಾಪು" ಎಂದಳು ಮಗಳು.

ಇನ್ನೊಂದು ಬರೆದರು. "ಇದು ಎದುರುಮನೆ ಪಾಪು." ಮೂರನೆಯದಕ್ಕೆ ಮೂಗಿನ ಕೆಳಗೆ ಎರಡು ಗೆರೆ ಎಳೆದರು, ಕೈಗಳನ್ನು ಹಿಂದಕ್ಕೆ ಹಾಕಿದರು. ಅವಳು ಬಗ್ಗಿ, ಓರೆಯಾಗಿ, ಹತ್ತಿರದಿಂದ ನೋಡಿದಳು. "ಅವಳಲ್ಲ" ಎಂದಳು.

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ನಾನು ಅವಳನ್ನ ನೋಡಿಲ್ವಲ್ಲ ಮರಿ."

"ಈ ಕೋಟಿನವನನ್ನ ನೋಡಿದೀರಾ?"

"ಇಲ್ಲ. ಇವನು ಎಲ್ಲೂ ಇಲ್ಲ. ಇಲ್ಲದೋನು ಅಂತ್ಲೇ ಎಷ್ಟು ಸಲ ಬೇಕಾದ್ರೂ ಎಬ್ಬಿಸ್ತೀನಿ. ನಿನ್ನ ತಂಗಿ ಇದ್ಲು."

ಹೊಡೆದಾಗ ಬಾರದ ಅಳು ಆಗ ಬಂತು. ಜಗುಲಿಯ ಮೇಲೆ ಕೂತು, ಎರಡೂ ಕಾಲು ಬಡಿದು, ತಂಗಿ ಅಳುತ್ತಿದ್ದ ಹಾಗೆಯೇ ಅತ್ತಳು. ನಾನು ಎತ್ತಿಕೊಂಡೆ. ಒಂಬತ್ತು ವರ್ಷದವಳು ಹೂವಿನಷ್ಟು ಹಗುರವಿದ್ದಳು.

ಆ ಮನುಷ್ಯನನ್ನು ನಾನು ಕ್ಷಮಿಸಿದೆ ಎಂದುಕೊಳ್ಳಬೇಡಿ. ಬೋಳುತಲೆಯವನು ಆಮೇಲೂ ಎಷ್ಟೋ ವರ್ಷ ಸತ್ತು ಎದ್ದ, ಪತ್ರಿಕೆ ಬದಲಾಯಿಸಿಕೊಂಡು ಎದ್ದ. ಮೇಷ್ಟ್ರು ಒಂದು ಚೌಕವನ್ನೂ ಬಿಡಲಿಲ್ಲ. ಆದರೆ ಅವರಿಗೆ ಮಕ್ಕಳ ಮುಖ ಬರೆಯಲು ಬರುತ್ತಿರಲಿಲ್ಲ. ಬಂದಿದ್ದರೆ ಆ ಕಾಗದವನ್ನು ಎದೆಗಪ್ಪಿಕೊಂಡು ಮನೆಗೆ ತಂದಿರುತ್ತಿದ್ದೆವು, ಅವಳೂ ನಾನೂ, ಅದಕ್ಕೂ ಅರ್ಧ ಒಬ್ಬಟ್ಟು ಎತ್ತಿಡುತ್ತಿದ್ದೆವು. ಅವರಿಗೆ ಆ ಬಾರದ ಕೈ ಕೊಟ್ಟ ದೇವರಿಗೆ ಒಂದು ನಮಸ್ಕಾರ.

ವಾಪಸು ಬರುವ ಬಸ್ಸಿನಲ್ಲಿ ಅವಳ ಅಳು ನಿಲ್ಲಲೇ ಇಲ್ಲ. ಬದನೆಕಾಯಿಯ ಕುಕ್ಕೆ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹೆಂಗಸು ತಡೆಯಲಾರದೆ ಕೇಳಿದಳು.

"ಯಾಕವ್ವ, ಕೂಸು ಇಂಗ್ ಅಳ್ತೈತೆ? ಏನಾರ ಕಳ್ಕೊಂತಾ?"

ಹೊಟ್ಟೆನೋವು ಎಂದು ಬಾಯಿಗೆ ಬಂತು. ಮಗಳು ತಲೆಯೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಇವಳ ತಂಗಿ ಸತ್ತೋದಳು" ಎಂದೆ.

ಬಸ್ಸಿನ ಸದ್ದಿನಲ್ಲೂ ಅದು ನನ್ನ ಕಿವಿಗೆ ಜೋರಾಗಿ ಕೇಳಿಸಿತು. ಎಂಥಾ ತಾಯಿ ನಾನು, ಮಗಳೆದುರು ಆ ಮಾತು ಆಡಲು ಗುರುತಿಲ್ಲದ ಹೆಂಗಸು ಕೇಳಬೇಕಾಯಿತು. ಆ ಹೆಂಗಸು "ಅಯ್ಯೋ ಶಿವನೇ" ಎಂದು ಕುಕ್ಕೆಯನ್ನು ಕಾಲಡಿಗೆ ತಳ್ಳಿ, ಮಗಳ ಕಾಲುಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಯಾವಾಗ?" ಎಂದಳು ಮಗಳು.

"ಶ್ರಾವಣದಲ್ಲಿ. ನೀನು ಚನ್ನರಾಯಪಟ್ಟಣದಲ್ಲಿದ್ದೆ."

"ನೋವಾಯ್ತಾ ಅವಳಿಗೆ?"

"ಆಯ್ತು."

"ನನ್ನ ಕರೆದಳಾ?"

"ಎರಡು ಸಲ ಕರೆದಳು."

ಅವಳು ಕೇಳುತ್ತಲೇ ಹೋದಳು. ಯಾವ ಲಂಗ ಹಾಕಿದ್ದಿರಿ, ಕಣ್ಣು ಮುಚ್ಚಿತ್ತಾ, ಯಾರು ಎತ್ತಿಕೊಂಡು ಹೋದರು, ಮಣ್ಣು ಮುಖದ ಮೇಲೂ ಹಾಕಿದರಾ. ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ, ಮನೆಗೆ ಹೋಗಿ ಅಜ್ಜಿಯನ್ನು ಇಬ್ಬರೂ ಕೇಳೋಣ ಎಂದೆ.